ಮಿನಿಯಾಪೊಲಿಸ್ ಚಳಿ: ನಾಯಿಯ ಕಾಲು, ಕರಿಬೇವಿನ ಗಿಡ

ಅಮೆರಿಕದ ಮಿನಿಯಾಪೊಲಿಸ್‌ನ ಮೈನಸ್ 25 ಡಿಗ್ರಿ ಚಳಿಯಲ್ಲಿ ನಿಮ್ಮ ನಾಯಿ ಕಾಲೆತ್ತಿ ಕುಂಟುತ್ತೆ, ಒಳಗಿಟ್ಟ ಕರಿಬೇವು ಎಲೆ ಉದುರಿಸುತ್ತಿದೆ ಅಂದಿದ್ದೀರಿ. ಕುಂಟುವುದಕ್ಕೆ ಬರೀ ಚಳಿ ಕಾರಣ ಅಲ್ಲ. ಹಿಮ ಕರಗಲೆಂದು ಫುಟ್‌ಪಾತಿಗೆ ಸುರಿಯುವ ಉಪ್ಪು ಬೆರಳ ಸಂದಿಗೆ ಸೇರಿ ಉರಿಯುತ್ತೆ, ಕೂದಲಿಗೆ ಹಿಮದ ಉಂಡೆ ಕಚ್ಚಿಕೊಳ್ಳುತ್ತೆ. ಒಳಗೆ ಬಂದ ತಕ್ಷಣ ಉಗುರುಬೆಚ್ಚಗಿನ ನೀರಲ್ಲಿ ಪಾದ ತೊಳೆದು, ಸಂದಿಯನ್ನೂ ಒರೆಸಿ. ನೆಕ್ಕಲು ಬಿಡಬೇಡಿ. ಇಂಥ ದಿನ ವಾಕಿಂಗ್ ಎಲ್ಲ ಬೇಡ, ಐದು ನಿಮಿಷ ಸಾಕು. ಹಾಂ, ಗ್ಯಾರೇಜಿನಲ್ಲಿ ಆಂಟಿಫ್ರೀಜ್ (ಕಾರಿನ ಎಂಜಿನ್ ನೀರು ಹೆಪ್ಪುಗಟ್ಟದಂತೆ ಹಾಕುವ ದ್ರವ) ಸೋರಿದೆಯಾ ನೋಡಿ. ರುಚಿ ಸಿಹಿ, ಸ್ವಲ್ಪ ನೆಕ್ಕಿದರೂ ಕಿಡ್ನಿಗೆ ಕುತ್ತು.

ಕರಿಬೇವಿನ ಕಾಂಡವನ್ನು ಉಗುರಿನಿಂದ ಗೀರಿ ನೋಡಿ. ಒಳಗೆ ಹಸಿರಿದ್ದರೆ ಜೀವ ಇದೆ, ಸುಮ್ನೆ ಕಿತ್ತು ಎಸೆಯಬೇಡಿ. ರಾತ್ರಿ ಕಿಟಕಿ ಗಾಜಿನಿಂದ ದೂರ ಸರಿಸಿ, ಹೀಟರ್ ಗಾಳಿಗೂ ಇಡಬೇಡಿ. ಮೇಲ್ಮಣ್ಣು ಒಣಗಿದ ಮೇಲಷ್ಟೇ ನೀರು. ಗೊಬ್ಬರ ಏಪ್ರಿಲ್‌ವರೆಗೆ ಬೇಡ.