ಮೊದಲು ಮೆಸೇಜ್ ಮಾಡಿದ್ದು ನಾನೇ, ದೂರು ಕೊಡಬಹುದಾ?

ಪ್ರಶ್ನೆ: ನನಗೆ 20 ವರ್ಷ. ಊರು ಹರಿಹರದ ಹತ್ತಿರ. ದಾವಣಗೆರೆಯ ಹಾಸ್ಟೆಲ್‌ನಲ್ಲಿದ್ದು ಬಿ.ಕಾಂ. ಓದುತ್ತಿದ್ದೇನೆ. ಕಳೆದ ವರ್ಷ ಕ್ಲಾಸಿನ ಹುಡುಗನೊಬ್ಬನ ರೀಲ್ಸ್ ನೋಡಿ ನಾನೇ ಮೊದಲು ಮೆಸೇಜ್ ಮಾಡಿದ್ದೆ. ಆಮೇಲೆ ಪ್ರೀತಿಯಾಯಿತು. ನಂಬಿಕೆ ಇದ್ದರೆ ಪಾಸ್‌ವರ್ಡ್ ಕೊಡು ಅಂದ, ಕೊಟ್ಟೆ. ಒಂದೆರಡು ಖಾಸಗಿ ಫೋಟೊನೂ ಕಳಿಸಿದ್ದೆ. ಯಾರ ಜೊತೆ ಮಾತಾಡಿದರೂ ಜಗಳ ತೆಗೆಯತೊಡಗಿದ, ಸಾಕು ಅಂದೆ. ಈಗ ಫೇಕ್ ಅಕೌಂಟ್‌ಗಳಿಂದ ಕೊಳಕು ಮೆಸೇಜ್ ಕಳಿಸುತ್ತಾನೆ. ಫೋಟೊ ಕ್ಲಾಸ್ ಗ್ರೂಪಿಗೆ ಹಾಕ್ತೀನಿ ಅಂತಾನೆ. ಬಸ್ ಸ್ಟಾಪಿನಲ್ಲಿ ಕಾಯುತ್ತಾನೆ. ಗೆಳತಿಯರು ‘ಶುರು ಮಾಡಿದ್ದು ನೀನೇ ಅಲ್ವಾ’ ಅಂತಾರೆ. ಮನೆಗೆ ಗೊತ್ತಾದರೆ ಓದು ಬಿಡಿಸುತ್ತಾರೆ.

ಉತ್ತರ: ಖಂಡಿತ ಕೊಡಬಹುದು. ಮೊದಲು ಹಾಯ್ ಅಂದವರು ಯಾರು ಎಂದು ಕಾನೂನು ಕೇಳುವುದಿಲ್ಲ. ಬೇಡ ಅಂದ ಮೇಲೆ ಅವನೇನು ಮಾಡಿದ ಎಂದು ನೋಡುತ್ತದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 78ನೇ ಕಲಂ ಪ್ರಕಾರ, ಇಷ್ಟವಿಲ್ಲ ಎಂದು ಸ್ಪಷ್ಟವಾಗಿ ತಿಳಿಸಿದ ಮೇಲೂ ಹಿಂದೆ ಬೀಳುವುದು, ಆಕೆಯ ಇಂಟರ್ನೆಟ್ ಬಳಕೆ ಮೇಲೆ ಕಣ್ಣಿಡುವುದು ಅಪರಾಧ. ಮೊದಲ ಸಲಕ್ಕೇ ಮೂರು ವರ್ಷದವರೆಗೆ ಜೈಲು. ಖಾಸಗಿ ಚಿತ್ರಗಳಿಗೆ 77ನೇ ಕಲಂ ಇದೆ. ತೆಗೆಯಲು ಒಪ್ಪಿದ್ದರೂ, ಹಂಚಲು ಒಪ್ಪಿರದಿದ್ದರೆ ಹಂಚಿದವನೇ ತಪ್ಪಿತಸ್ಥ. ನಾನೇ ಕಳಿಸಿದೆನಲ್ಲ ಅನ್ನೋ ಕೊರಗು ಬಿಡಿ.

ಪಾಸ್‌ವರ್ಡ್ ಕೊಟ್ಟು ನಂಬಿಕೆ ತೋರಿಸಿದವರು ನೀವೊಬ್ಬರೇ ಅಲ್ಲ. ಹುಡುಗರೂ ಬಂದು ಇದೇ ಗೋಳು ಹೇಳುತ್ತಾರೆ. ಆನ್‌ಲೈನ್ ಇದ್ದೂ ಯಾಕೆ ರಿಪ್ಲೈ ಮಾಡಲಿಲ್ಲ, ಅವನ ಫೋಟೊಗೆ ಯಾಕೆ ಲೈಕ್ ಕೊಟ್ಟೆ, ಚಾಟ್ ಸ್ಕ್ರೀನ್‌ಶಾಟ್ ಕಳಿಸು. ಮೊದಮೊದಲು ಇದು ಕಾಳಜಿ ಅನ್ನಿಸುತ್ತದೆ. ಹಿಂದೆ ಕಾಲೇಜು ಬಿಟ್ಟು ಮನೆ ಸೇರಿದರೆ ಅವತ್ತಿನ ಜಗಳ ಅಲ್ಲಿಗೆ ನಿಲ್ಲುತ್ತಿತ್ತು. ಈಗ ರಾತ್ರಿ ಎರಡಕ್ಕೂ ಹಾಜರಿ ಹಾಕಬೇಕು. ರೀಲ್ಸ್‌ನಲ್ಲೋ, ಹಿಂದೆ ಬಿದ್ದು ಒಪ್ಪಿಸಿದವನೇ ಹೀರೊ. (ಹಾಗಂತ ರೀಲ್ಸ್ ಮೇಲೆ ತಪ್ಪು ಹೊರಿಸಿ ಈ ಹುಡುಗನನ್ನು ಬಿಟ್ಟುಬಿಡಬೇಕಿಲ್ಲ.)

ಭಯಕ್ಕೆ ಚಾಟ್ ಡಿಲೀಟ್ ಮಾಡಬೇಡಿ, ಸಾಕ್ಷಿ ಅದೇ. ಅಕೌಂಟ್ ಹೆಸರು, ದಿನಾಂಕ ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆದಿಟ್ಟು ಆಮೇಲೆ ಬ್ಲಾಕ್ ಮಾಡಿ. ಪಾಸ್‌ವರ್ಡ್ ಇವತ್ತೇ ಬದಲಿಸಿ, ಬೇರೆ ಫೋನಿನಲ್ಲಿ ಲಾಗಿನ್ ಇದ್ದರೆ ತೆಗೆಯಿರಿ. ಫೋಟೊ ನಿಮ್ಮ ಬಳಿಯೂ ಇದ್ದರೆ ಸ್ಟಾಪ್ ಎನ್‌ಸಿಐಐ (StopNCII.org) ಎಂಬ ವೆಬ್‌ಸೈಟ್ ಬಳಸಿ. ಫೋಟೊ ನಿಮ್ಮ ಫೋನ್ ಬಿಟ್ಟು ಹೋಗುವುದಿಲ್ಲ, ಅದರ ಗುರುತಿನ ಸಂಖ್ಯೆ ಮಾತ್ರ ಹೋಗುತ್ತದೆ. ಇನ್‌ಸ್ಟಾಗ್ರಾಂ, ಫೇಸ್‌ಬುಕ್‌ನಂಥವು ಅದನ್ನಿಟ್ಟುಕೊಂಡು ಆ ಚಿತ್ರವನ್ನು ಪತ್ತೆ ಹಚ್ಚಿ ತಡೆಯುತ್ತವೆ.

ಜೊತೆಗೆ ಕಾಲೇಜಿನ ಆಂತರಿಕ ದೂರು ಸಮಿತಿಗೆ ಬರೆದುಕೊಡಿ. ಯುಜಿಸಿಯ 2015ರ ನಿಯಮದಂತೆ ಕಾಲೇಜುಗಳಲ್ಲಿ ಇದು ಇರಲೇಬೇಕು. ಕೊನೆಯ ಘಟನೆಯಿಂದ ಮೂರು ತಿಂಗಳೊಳಗೆ ದೂರು ಕೊಡಬೇಕು. 90 ದಿನದಲ್ಲಿ ವಿಚಾರಣೆ ಮುಗಿಯಬೇಕು, ನಿಮ್ಮ ಹೆಸರು ಗುಟ್ಟಾಗಿರಬೇಕು. ಅಷ್ಟರಲ್ಲಿ ನಿಮ್ಮಿಂದ ದೂರ ಇರುವಂತೆ ಅವನಿಗೆ ಕಾಲೇಜೇ ಎಚ್ಚರಿಕೆ ಕೊಡಬಹುದು. ಕಾಲೇಜಿನ ಮರ್ಯಾದೆ ಪ್ರಶ್ನೆ, ರಾಜಿಯಾಗಿ ಅಂದರೆ ಒಪ್ಪಬೇಡಿ.

ಬೆದರಿಕೆ ನಿಲ್ಲದಿದ್ದರೆ ದಾವಣಗೆರೆಯ ಸಿಇಎನ್ (ಸೈಬರ್ ಅಪರಾಧ ನೋಡಿಕೊಳ್ಳುವ) ಠಾಣೆಗೋ ಮಹಿಳಾ ಠಾಣೆಗೋ ಹೋಗಿ. ಇಂಥ ದೂರನ್ನು ಮಹಿಳಾ ಅಧಿಕಾರಿಯೇ ಬರೆದುಕೊಳ್ಳಬೇಕು. ತಕ್ಷಣದ ಅಪಾಯವಿದ್ದರೆ 112.

ಇನ್ನು ಮನೆ. ದೂರಿಗೆ ಅಪ್ಪನ ಸಹಿ ಬೇಕಿಲ್ಲ. ಆದರೂ ಅಮ್ಮನಿಗೋ ಅಕ್ಕನಿಗೋ ನೀವೇ ಹೇಳಿ. ಮನೆಗೆ ಗೊತ್ತಾಗುತ್ತೆ ಅನ್ನೋ ನಿಮ್ಮ ಭಯದ ಮೇಲೇ ಅವನ ಆಟ ನಡೆಯುತ್ತಿರುವುದು. ಒಬ್ಬರೇ ಹೇಳಲು ಧೈರ್ಯ ಸಾಲದಿದ್ದರೆ ಸಮಿತಿಯ ಮೇಡಂ ಒಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ಓದು ಬಿಡಿಸಬೇಡಿ ಅಂತ ಅವರು ಹೇಳಿದರೆ ಅಪ್ಪ ಸುಮ್ನೆ ತಳ್ಳಿಹಾಕಲ್ಲ. ನಿದ್ದೆಯೇ ಬರುತ್ತಿಲ್ಲ ಅಂದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ಉಚಿತ, ಕನ್ನಡದಲ್ಲೇ ಮಾತಾಡಬಹುದು.

ಪ್ರಶ್ನೆ: ಚಿತ್ರದುರ್ಗದಲ್ಲಿ ಡಿಪ್ಲೊಮಾ ಓದುತ್ತಿದ್ದೇನೆ. ಒಬ್ಬಳು ನನ್ನ ಸ್ಟೋರಿ ದಿನಾ ನೋಡುತ್ತಾಳೆ. ಮೆಸೇಜ್ ಮಾಡಬೇಡ ಅಂದಿದ್ದಾಳೆ, ಬ್ಲಾಕ್ ಮಾತ್ರ ಮಾಡಿಲ್ಲ. ಇಷ್ಟ ಇದೆ ಅಂತಲೇ ಅಲ್ವಾ?

ಉತ್ತರ: ಅಲ್ಲ. ಸ್ಟೋರಿಗಳು ಒಂದರ ಹಿಂದೊಂದು ತಾವಾಗಿಯೇ ಓಡುತ್ತವೆ, ನೋಡಿದವರ ಪಟ್ಟಿಯಲ್ಲಿ ಹೆಸರು ಬರುತ್ತದೆ. ಅವಳು ಬಾಯಿಬಿಟ್ಟು ಬೇಡ ಅಂದಿದ್ದಾಳಲ್ಲ. ಇನ್ನು ಒಂದು ಮೆಸೇಜೂ ಬೇಡ, ‘ಸಾರಿ’ ಅಂತಲೂ.