ಸಿಲಿಂಡರ್ ತರಿಸುವ ಮುಂಚೆ
ನಿಮ್ಮ ತಂದೆಯವರ ಗಂಟಲಿನ ಗಡ್ಡೆಯೊಳಗೆ ಆಕ್ಸಿಜನ್ ಕಮ್ಮಿ ಇದ್ದರೆ ಮನೇಲಿ ಸಿಲಿಂಡರ್ ಇಡಬಹುದಾ ಅಂತ ಕೇಳಿದ್ದೀರಿ. ಉಸಿರಾಟ ಚೆನ್ನಾಗಿದ್ದರೆ ಸುಮ್ನೆ ದುಡ್ಡು ಹಾಕಬೇಡಿ ಸರ್. ನಾವು ದಾವಣಗೆರೆಯವರು, ಭದ್ರಾ ನಾಲೆಗೆ ನೀರು ಬಿಟ್ಟರೂ ಕೊನೇ ಭಾಗದ ಗದ್ದೆ ಒಣಗೋದನ್ನ ನೋಡಿದ್ದೀವಿ, ಅಲ್ವಾ? ಇದೂ ಹಾಗೇ. ರಕ್ತನಾಳದಿಂದ ಆಕ್ಸಿಜನ್ ಹರಡುವುದೇ 0.1ರಿಂದ 0.2 ಮಿಲಿಮೀಟರ್. ಗಡ್ಡೆಯ ನಾಳಗಳೋ ಅಡ್ಡಾದಿಡ್ಡಿ. ಅದರಾಚೆ ಆಕ್ಸಿಜನ್ ಸಿಗದೆ ಉಳಿದ ಕೋಶಗಳನ್ನು ಕೊಲ್ಲಲು, ಆಕ್ಸಿಜನ್ ಇರುವ ಕೋಶಗಳಿಗಿಂತ ರೇಡಿಯೇಷನ್ ಎರಡೂವರೆಯಿಂದ ಮೂರು ಪಟ್ಟು ಬೇಕಾಗುತ್ತದೆ.

ಟಾರ್ಗೆಟೆಡ್ ಮಾತ್ರೆ ಅಂದಿರಲ್ಲ, ಆಕ್ಸಿಜನ್ ಕಮ್ಮಿಯಾದಾಗ ಕೋಶಗಳು ಬಳಸುವ ಒಂದು ಪ್ರೋಟೀನನ್ನು ತಡೆಯುವ ಬೆಲ್ಜುಟಿಫಾನ್‌ ಮಾತ್ರೆಗೆ 2021ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದು ನಿಜ. ಅದು ಕೆಲವು ಬಗೆಯ ಕಿಡ್ನಿ ಗಡ್ಡೆಯಂಥವಕ್ಕೆ, ಗಂಟಲಿಗಲ್ಲ.

ರಕ್ತದಲ್ಲಿ ಆಕ್ಸಿಜನ್ ಹೊರುವ ಹಿಮೋಗ್ಲೋಬಿನ್ ಎಷ್ಟಿದೆ ಅಂತ ಡಾಕ್ಟರನ್ನು ಕೇಳಿ. ಬೀಡಿ ಇನ್ನೂ ಬಿಟ್ಟಿಲ್ಲ ಅಂದಿರಿ, ಮೊದಲು ಅದನ್ನು ಬಿಡಿಸಿ. ಅದರ ಹೊಗೆಯ ಕಾರ್ಬನ್ ಮಾನಾಕ್ಸೈಡ್ ರಕ್ತದಲ್ಲಿ ಆಕ್ಸಿಜನ್ನಿನ ಸೀಟನ್ನೇ ಹಿಡಿದು ಕೂರುತ್ತದೆ.