ಉರುಳುವ ಮಣಿಗೆ ನೇರವಾದ ತೂತು

ಪ್ರಶ್ನೆ: ಬೀಟೆ ಮರದ ಉಳಿಕೆ ಚೂರುಗಳಿಂದ 10 ಮಿ.ಮೀ. ಗಾತ್ರದ ದುಂಡು ಮಣಿಗಳನ್ನು ಮಾಡಿ ಸರ ಪೋಣಿಸುತ್ತಿದ್ದೇನೆ. ಕೈ ಡ್ರಿಲ್ಲಿನಿಂದ 2 ಮಿ.ಮೀ. ತೂತು ಕೊರೆಯಲು ಹೋದರೆ ಮಣಿ ಉರುಳುತ್ತದೆ. ಇಕ್ಕಳದಲ್ಲಿ ಹಿಡಿದರೆ ಕಚ್ಚು ಬೀಳುತ್ತದೆ. ತೂತು ಓರೆಯಾಗಿ ಬದಿಯಲ್ಲಿ ಹೊರಬರುತ್ತದೆ. ಮಣಿಯನ್ನು ಅಲುಗದಂತೆ ಹಿಡಿದು ನೇರವಾಗಿ ಕೊರೆಯಲು ನೆರವಾಗುವ, ಮನೆಯಲ್ಲೇ ಮಾಡಿಕೊಳ್ಳಬಹುದಾದ ಜಿಗ್ ಇದ್ದರೆ ತಿಳಿಸಿ. ಗುಲಗಂಜಿಗೂ ಅದನ್ನೇ ಬಳಸಬಹುದೇ?
– ಓದುಗರು, ಸಾಗರ

ಉತ್ತರ: ಸಿಂಬಿಯ ಮೇಲಿಟ್ಟ ಮಡಕೆ ತಾನಾಗಿಯೇ ನಡುವಿಗೆ ಕೂರುವಂತೆ, ದುಂಡು ಮಣಿಯು ತನಗಿಂತ ಸಣ್ಣ ತೂತಿನ ಅಂಚಿನ ಮೇಲೆ ಕೂತಾಗ ಅದರ ಕೇಂದ್ರ ಆ ತೂತಿನ ನಡುಗೆರೆಗೇ ಬಂದು ನಿಲ್ಲುತ್ತದೆ. ಮೇಲೊಂದು, ಕೆಳಗೊಂದು ಅಂಥ ಅಂಚನ್ನು ಕೊಟ್ಟು ಅವುಗಳ ನಡುವೆ ಮಣಿಯನ್ನು ಬಿಗಿದರೆ ನಿಮ್ಮ ತೊಂದರೆ ನೀಗುತ್ತದೆ.

ಚೆನ್ನಾಗಿ ಒಣಗಿದ ಸಾಗುವಾನಿ ಅಥವಾ ಹಲಸಿನ 10 ಮಿ.ಮೀ. ದಪ್ಪದ ಒಂದೇ ಹಲಗೆಯಿಂದ ಗೇಣುದ್ದದ ಎರಡು ತುಂಡು ಕತ್ತರಿಸಿ, ಎರಡರ ಎಳೆಯೂ ಒಂದೇ ದಿಕ್ಕಿಗೆ ಇರುವಂತೆ ಒಂದರ ಮೇಲೊಂದು ಇಡಿ. ನಮ್ಮ ಮಲೆನಾಡಿನ ಮಳೆಗಾಲದಲ್ಲಿ ಮರ ಎಳೆಗೆ ಅಡ್ಡವಾಗಿ ಹಿಗ್ಗುತ್ತದೆ. ಎರಡೂ ತುಂಡುಗಳು ಒಂದೇ ಬಗೆಯಲ್ಲಿ ಹಿಗ್ಗಿದರೆ ತೂತುಗಳ ನೇರ ಕೆಡುವುದಿಲ್ಲ. ಎರಡನ್ನೂ ಬಿಗಿಯಾಗಿ ಒತ್ತಿ ಹಿಡಿದು, ನಡುವಿನಿಂದ ಎರಡೂ ಕಡೆಗೆ ಮೂರು ಬೆರಳು ದೂರದಲ್ಲಿ ಒಂದೊಂದು 6 ಮಿ.ಮೀ. ತೂತು ಕೊರೆದು, ರೆಕ್ಕೆ ನಟ್ಟಿರುವ ಬೋಲ್ಟುಗಳನ್ನು ತೊಡಿಸಿ. ಅನಂತರ ಸರಿ ನಡುವೆ, ಎರಡೂ ಹಲಗೆಗಳನ್ನು ದಾಟುವಂತೆ, 2 ಮಿ.ಮೀ. ತೂತು ಕೊರೆಯಿರಿ.

ಈ ಒಂದು ತೂತಿಗೆ ಮಾತ್ರ ಕೈಯನ್ನು ನಂಬಬೇಡಿ. ಅದು ಮೂರು ಡಿಗ್ರಿಯಷ್ಟು ವಾಲಿದರೂ, ನಡುವೆ ಮಣಿ ಬಂದು ಹಲಗೆಗಳು ದೂರವಾದಾಗ ಮೇಲಿನ ತೂತಿಗೂ ಕೆಳಗಿನದಕ್ಕೂ ಸುಮಾರು 0.4 ಮಿ.ಮೀ. ವ್ಯತ್ಯಾಸ ಬರುತ್ತದೆ. ನಿಲುವಿನ ಡ್ರಿಲ್ ಇರುವ ಬಡಗಿಯವರ ಬಳಿ ಕೊರೆಸಿಕೊಳ್ಳಿ; ಇಲ್ಲವಾದರೆ ಎರಡು ಬದಿಗಳಿಂದ ಮೂಲೆಮಟ್ಟ ಹಿಡಿದು ನೋಡುತ್ತಾ ಕೊರೆಯಿರಿ.

ಈಗ ಹಲಗೆಗಳನ್ನು ಬಿಡಿಸಿ, ಪರಸ್ಪರ ಎದುರಾಗುವ ಮುಖಗಳಲ್ಲಿ ಅದೇ ತೂತನ್ನು 7 ಮಿ.ಮೀ. ಬಿಟ್ಟಿನಿಂದ (ಡ್ರಿಲ್ಲಿಗೆ ಹಾಕುವ ಕೊರೆಯುವ ಕಡ್ಡಿಯಿಂದ) 3 ಮಿ.ಮೀ. ಆಳಕ್ಕೆ ಅಗಲಿಸಿ. ಮಣಿ ಪ್ರತಿಯೊಂದು ಗುಳಿಯಲ್ಲೂ ಸುಮಾರು ಒಂದೂವರೆ ಮಿ.ಮೀ. ಇಳಿಯುತ್ತದೆ, ಹಲಗೆಗಳ ನಡುವೆ 7 ಮಿ.ಮೀ. ಸಂದು ಉಳಿಯುತ್ತದೆ. ಎರಡೂ ತುದಿಗಳಲ್ಲಿ ಸಂದು ಸಮನಾಗಿರುವಂತೆ ನಟ್ಟುಗಳನ್ನು ಸರದಿಯಂತೆ ಬಿಗಿಯಿರಿ. ಬೋಲ್ಟಿನ ಬದಲು ಅಡಕತ್ತರಿಯಂತೆ ಒಂದು ತುದಿಗೆ ಕೀಲು ಹಾಕಿದರೆ ಸುಲಭವೆಂದು ತೋರಬಹುದು. ನಾನು ಮೊದಲು ಮಾಡಿದ್ದೂ ಹಾಗೆಯೇ. ಆದರೆ ಕೀಲಿನಲ್ಲಿ ಹಲಗೆ ಓರೆಯಾಗಿ ತೆರೆದುಕೊಳ್ಳುವುದರಿಂದ ಎರಡು ತೂತುಗಳು ಎದುರುಬದುರಾಗುವುದಿಲ್ಲ, ದಾರದಲ್ಲಿ ಪೋಣಿಸಿದಾಗ ಮಣಿಗಳೆಲ್ಲ ಒಂದೊಂದು ಕಡೆಗೆ ಕತ್ತು ವಾಲಿಸಿ ನಿಂತವು.

ಕೊರೆಯುವಾಗ ಮೇಲಿನಿಂದ ಅರ್ಧ ಮಣಿಯವರೆಗೆ ಮಾತ್ರ ಇಳಿಸಿ, ಜಿಗ್ಗನ್ನೇ ತಿರುವಿ ಹಾಕಿ ಉಳಿದರ್ಧವನ್ನು ಇನ್ನೊಂದು ಕಡೆಯಿಂದ ಕೊರೆಯಿರಿ. ಆಗ ತೂತಿನ ಬಾಯಲ್ಲಿ ಸಿಬಿರು ಏಳುವುದಿಲ್ಲ. ಬೀಟೆ ಗಟ್ಟಿ ಮರ. ಎರಡು ಮೂರು ಮಿ.ಮೀ. ಇಳಿದ ಕೂಡಲೇ ಬಿಟ್ಟನ್ನು ಹೊರಗೆಳೆದು ಹುಡಿ ಕೊಡವದಿದ್ದರೆ ಅದು ಒಳಗೇ ಗಂಟುಕಟ್ಟಿ, ಬಿಟ್ ಕಾದು ಮುರಿಯುತ್ತದೆ. ನೂರಾರು ಮಣಿ ಕೊರೆಯುವವರಾದರೆ ಮರದ ತೂತು ಬೇಗ ಸವೆಯುತ್ತದೆ; 2 ಮಿ.ಮೀ. ತೂತಿರುವ ಹಿತ್ತಾಳೆ ಪಟ್ಟಿಯನ್ನು ಎರಡೂ ಹೊರಮುಖಗಳಿಗೆ ಸ್ಕ್ರೂ ಹಾಕಿ ಕೂರಿಸಿ.

ಗುಲಗಂಜಿಯನ್ನು ಮಾತ್ರ ದಯವಿಟ್ಟು ಕೊರೆಯಬೇಡಿ. ಅದರ ಬೀಜದಲ್ಲಿ ಅಬ್ರಿನ್ ಎಂಬ ಕಡುವಿಷವಿದೆ. ಗಟ್ಟಿ ಸಿಪ್ಪೆ ಅದನ್ನು ಒಳಗೆ ತಡೆದಿಟ್ಟಿರುತ್ತದೆ. ತೂತು ಬಿದ್ದರೆ ಆ ತಡೆ ಹೋಗುತ್ತದೆ, ಏಳುವ ಹುಡಿ ಮೂಗು ಬಾಯಿಗೆ ಸೇರಬಹುದು, ತೂತಾದ ಬೀಜದ ಸರವನ್ನು ಮಗುವೊಂದು ಬಾಯಿಗಿಟ್ಟುಕೊಳ್ಳಬಹುದು. ಬೀಜದ ಸರವೇ ಬೇಕೆಂದಿದ್ದರೆ ಅಂಟುವಾಳದ ಕಪ್ಪು ಬೀಜವನ್ನು ಆರಿಸಿಕೊಳ್ಳಿ. ಅದರ ಗಾತ್ರ ಅಳೆದು, ಹತ್ತರಲ್ಲಿ ಏಳು ಪಾಲಿನಷ್ಟು ಅಗಲದ ಗುಳಿ ಮಾಡಿ, ತೊಟ್ಟಿನ ಗುರುತು ಮೇಲಕ್ಕೆ ಬರುವಂತೆ ಕೂರಿಸಿದರೆ ಬಿಟ್ ಜಾರದೆ ಅಲ್ಲಿಂದಲೇ ಒಳಗಿಳಿಯುತ್ತದೆ.